ಬೆಲ್ ಹೌಸಿಂಗ್ ಭಾವ

ಹಳೇ ಗಾಡಿ ಸಾಕುವವರಲ್ಲಿ ಎರಡು ಪಂಗಡ. ಮೊದಲನೆಯವರು ಮಡಿವಂತರು. ಕಾರ್ಖಾನೆಯಿಂದ ಹೊರಬಿದ್ದ ದಿನ ಯಾವ ಬೋಲ್ಟು ಎಲ್ಲಿತ್ತೋ ಇವತ್ತಿಗೂ ಅದು ಅಲ್ಲೇ ಇರಬೇಕು. ಬಾಗಿಲ ಹಿಡಿಯ ಬಣ್ಣ ಒಂದು ಛಾಯೆ ಆಚೀಚೆಯಾದರೂ ಮೈಲಿಗೆ. ಇವರಿಂದ ಲೋಕಕ್ಕೆ ತೊಂದರೆಯಿಲ್ಲ. ಭಾನುವಾರ ಗಾಡಿ ಒರೆಸುತ್ತಾರೆ, ವರ್ಷಕ್ಕೊಂದು ರ‍್ಯಾಲಿಯಲ್ಲಿ ಪೇಟ ಸುತ್ತಿಕೊಂಡು ಫೋಟೋಗೆ ನಿಲ್ಲುತ್ತಾರೆ, ಗಾಡಿ ಕೆಟ್ಟರೆ ಹಗ್ಗ ಕಟ್ಟಿ ಎಳೆಸಿಕೊಂಡು ಗಂಭೀರವಾಗಿ ಮನೆ ಸೇರುತ್ತಾರೆ. ಎರಡನೆಯವರು ಹಳೇ ಗಾಡಿಗೆ ಬೇರೆ ಇಂಜಿನ್ ಕೂರಿಸುವವರು. ಇವರ ಕೆಲಸ ಒಬ್ಬರಿಂದ ಆಗುವುದಲ್ಲ. ಹಿಡಿಯಲು, ಎತ್ತಲು, ಟಾರ್ಚು ಬಿಡಲು, ‘ಇನ್ನೊಂಚೂರು ಎಡಕ್ಕೆ’ ಅನ್ನಲು ಜನ ಬೇಕು. ಗ್ಯಾರೇಜಿನ ಹುಡುಗರಿಗೆ ಸಂಬಳ ಕೊಡಬೇಕಾಗುತ್ತದೆ. ನೆಂಟರಿಗೆ ಕಾಫಿ ಕೊಟ್ಟರೆ ಸಾಕು.

ನಾನು ನೆಂಟ.

ಈ ಪಂಗಡದವರನ್ನು ಗುರುತಿಸುವುದು ಕಷ್ಟವಲ್ಲ. ಮದುವೆ ಮನೆಯಲ್ಲಿ ವಧೂವರರಿಗಿಂತ ಮೊದಲು ಅಡುಗೆಯವರ ಪಾತ್ರೆ ಇಳಿಸುತ್ತಿರುವ ಲಾರಿಯ ಕೆಳಗೆ ಬಗ್ಗಿ ನೋಡುತ್ತಾರೆ. ಉಗುರಿನ ಅಂಚಿನಲ್ಲಿ ಯಾವ ಸೋಪಿಗೂ ಹೋಗದ ಕಪ್ಪು. ಜೇಬಿನಲ್ಲಿ ಪೆನ್ನಿರುವುದಿಲ್ಲ, ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಮಾತಿನಲ್ಲಿ ಒಂದೇ ಕ್ರಿಯಾಪದ: ‘ಕೂರುತ್ತೆ’. ಯಾವ ಇಂಜಿನ್ ತೋರಿಸಿದರೂ ಯಾವ ಗಾಡಿಗಾದರೂ ಅದು ಕೂರುತ್ತದೆ. ಎದುರಿನವರ ಮುಖದಲ್ಲಿ ಅನುಮಾನ ಕಂಡರೆ, ‘ಒಂಚೂರು ಕೊಯ್ದರೆ ಕೂರುತ್ತೆ’. ಮಲೆನಾಡಿನ ತೋಟಗಳಲ್ಲಿ ವಿಲ್ಲಿಸ್ ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಅವಶ್ಯಕತೆಗೆ ಮಾಡಿದವರು, ಕೆಲಸ ಮುಗಿಸಿ ಮರೆತವರು. ನಾನು ಹೇಳುತ್ತಿರುವುದು ಮುಗಿಸದವರ ಬಗ್ಗೆ.

ಮುಗಿಸದವರು ಎಂದು ಬಹುವಚನದಲ್ಲಿ ಹೇಳಿದೆನಾದರೂ ನನ್ನ ಕಣ್ಣ ಮುಂದೆ ಇರುವುದು ಒಬ್ಬರೇ. ನನ್ನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಭಾವ ಎನ್ನುತ್ತೇನೆ. ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತರಾಗಿ ತಿಪಟೂರಿನ ಹತ್ತಿರದ ತೆಂಗಿನ ತೋಟದಲ್ಲಿದ್ದಾರೆ. ಜೀವಮಾನವಿಡೀ ಸಾಲದ ಅರ್ಜಿಗಳ ಮೇಲೆ ‘ಪರಿಶೀಲಿಸಿ’ ಎಂದು ಬರೆದವರು. ಈಗ ಪರಿಶೀಲಿಸದೆಯೇ ಯಾವುದನ್ನು ಬೇಕಾದರೂ ಕೊಯ್ಯುತ್ತಾರೆ.

ಲಾರಿ ಅವರ ತಂದೆಯವರದು. 1951ರ ಶೆವರ್ಲೆ. ಮುಂಬಯಿಯ ಸೇವ್ರಿಯಲ್ಲಿ ಜನರಲ್ ಮೋಟಾರ್ಸ್‌ನವರು 1928ರಲ್ಲಿ ಶುರುಮಾಡಿ 1954ರಲ್ಲಿ ಬಾಗಿಲು ಹಾಕಿಕೊಂಡು ಹೋದ ಜೋಡಣೆ ಕಾರ್ಖಾನೆಯಿತ್ತಲ್ಲ, ಅಲ್ಲಿ ಜೋಡಿಸಿದ್ದು. ಮುಖದ ಮೇಲೆ ಐದು ಅಡ್ಡಪಟ್ಟಿ, ಗುಂಡನೆಯ ಮಡ್‌ಗಾರ್ಡು, ಮೈಸೂರು ರಾಜ್ಯದ ಕಾಲದ ‘ಎಂವೈ’ ಎಂದು ಶುರುವಾಗುವ ನಂಬರು. ನೋಡಲು ಲಕ್ಷಣವಾಗಿದೆ, ಅದನ್ನು ನಾನು ಒಪ್ಪುತ್ತೇನೆ. ತಗಾದೆ ಇರುವುದು ಬಾನೆಟ್ಟಿನ ಒಳಗೆ.

ಅದರಲ್ಲಿದ್ದದ್ದು 216 ಘನ ಇಂಚಿನ, ಅಂದರೆ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಈಗಿನ ಇಂಜಿನ್‌ಗಳ ಹಾಗೆ ಒತ್ತಡದಲ್ಲಿ ಎಣ್ಣೆ ಹರಿಯುವುದಿಲ್ಲ. ರಾಡಿನ ತಳದಲ್ಲೊಂದು ಪುಟ್ಟ ಸೌಟು; ಅದು ಸುತ್ತುವಾಗ ಎಣ್ಣೆ ಮೊಗೆದು ಎರಚಿಕೊಳ್ಳುತ್ತದೆ. ಬೇರಿಂಗು ಬಿಚ್ಚಿ ಬೇರೆ ಹಾಕುವಂಥದ್ದೂ ಅಲ್ಲ. ವೈಟ್ ಮೆಟಲ್ ಕರಗಿಸಿ ರಾಡಿಗೇ ಎರಕ ಹೊಯ್ದು, ಆಮೇಲೆ ಕೈಯಲ್ಲಿ ಹೆರೆದು ಹೊಂದಿಸಬೇಕು. ಒಂದು ಕಾಲದಲ್ಲಿ ಆ ಕೆಲಸ ಬಲ್ಲವರು ಪೇಟೆ ಪೇಟೆಯಲ್ಲಿದ್ದರು. ಈಗ ಹುಡುಕಿಕೊಂಡು ಹೋದರೆ ಅವರ ಮಗ ಮೊಬೈಲಿಗೆ ಗಾಜು ಅಂಟಿಸುತ್ತಿರುತ್ತಾನೆ. ಹಾಗಾಗಿ ಇಂಜಿನ್ ಬದಲಿಸದೆ ಗತಿಯಿಲ್ಲ ಎನ್ನುವಲ್ಲಿಗೆ ಭಾವನ ವಾದ ನ್ಯಾಯವಾದದ್ದೇ.

ಮಡಿವಂತರು ಯಾರಾದರೂ ‘ಒರಿಜಿನಲ್ ಇರಬೇಕಿತ್ತು’ ಎಂದು ಲೊಚಗುಟ್ಟಿದರೆ ಭಾವ ಬಿಡುವುದಿಲ್ಲ. ‘ಯಾವ ಒರಿಜಿನಲ್ಲು?’ ಎಂದು ಪಂಚೆ ಮೇಲೆ ಕಟ್ಟುತ್ತಾರೆ. ‘ಪೆಟ್ರೋಲಿಗೂ ಡೀಸೆಲ್ಲಿಗೂ ರೇಟಿನಲ್ಲಿ ಅಜಗಜಾಂತರ ಇದ್ದ ಕಾಲದಲ್ಲಿ ಡಾಡ್ಜು, ಫಾರ್ಗೋ, ಶವರ್ಲೆಟ್ಟು ಇಟ್ಟಿದ್ದೋರೆಲ್ಲ ಏನ್ ಮಾಡಿದ್ರು ಗೊತ್ತಾ? ಪೆಟ್ರೋಲ್ ಇಂಜಿನ್ ಇಳಿಸಿ ಪರ್ಕಿನ್ಸ್ ಪಿ-6 ಕೂರಿಸಿದ್ರು. ಮದ್ರಾಸಿನಲ್ಲಿ ಸಿಂಪ್ಸನ್ನೋರು ಇಲ್ಲೇ ತಯಾರು ಮಾಡ್ತಿದ್ರು. ಇಂಜಿನ್ ಬದಲಾಯ್ಸೋದೇ ಕಣಯ್ಯ ನಮ್ಮ ಸಂಪ್ರದಾಯ!’ ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. 1937ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಹುಟ್ಟಿದ ಆ ಇಂಜಿನ್ ನಮ್ಮ ರಸ್ತೆಗಳಲ್ಲಿ ಅಮೆರಿಕದ ಎಷ್ಟೋ ಲಾರಿಗಳ ಆಯುಷ್ಯ ಹೆಚ್ಚಿಸಿದ್ದು ನಿಜ.

ಆದರೆ ಈ ಜಾತಿಯವರ ಅಸಲು ಬಣ್ಣ ಗೊತ್ತಾಗುವುದು ಸುಲಭದ ದಾರಿ ತೋರಿಸಿದಾಗ. ಗ್ಯಾರೇಜಿನ ಮೇಸ್ತ್ರಿ ಮೊದಲೇ ಹೇಳಿದ್ದರು: ಶೆವರ್ಲೆ ವಂಶದ್ದೇ 235 ಘನ ಇಂಚಿನ ಇಂಜಿನ್ ಒಂದಿದೆ, 1954ರ ಹೊತ್ತಿಗೆ ಅದಕ್ಕೆ ಪೂರ್ತಿ ಒತ್ತಡದಲ್ಲಿ ಎಣ್ಣೆ ಹೋಗುವ ಏರ್ಪಾಡಾಗಿತ್ತು. ಯಾರದೋ ಹಳೇ ಬೆಲ್ ಏರ್ ಕಾರಿನದು ಇಳಿಸಿಟ್ಟಿದ್ದಾರೆ, ತಂದರೆ ಇದೇ ಗೇರ್ ಬಾಕ್ಸಿಗೆ ಹೊಂದುತ್ತದೆ, ನೀರಿನ ಪಂಪಿನ ಹತ್ತಿರ ಅಷ್ಟಿಷ್ಟು ಕೈಕೆಲಸ ಮಾಡಿದರಾಯಿತು. ಅಣ್ಣ ಹೋದ ಜಾಗಕ್ಕೆ ತಮ್ಮ. ಭಾವ ಮುಖ ಸಣ್ಣದು ಮಾಡಿಕೊಂಡು, ‘ಅದು ಹಂಗೇ ಕೂತ್ಬಿಡುತ್ತಲ್ರೀ ಮೇಸ್ತ್ರಿ’ ಎಂದರು. ಹಾಗೇ ಕೂರುವ ಇಂಜಿನ್‌ನಲ್ಲಿ ಅವರಿಗೆ ಯಾವ ಆಸಕ್ತಿಯೂ ಇರಲಿಲ್ಲ.

ಆಮೇಲೆ ಶುರುವಾಯಿತು ವಧುಪರೀಕ್ಷೆ. ಎಂಬತ್ತರ ದಶಕದ ನಡುವೆ ಜಪಾನಿನ ಕೈಹಿಡಿದು ನಾಲ್ಕು ಚಿಕ್ಕ ಲಾರಿಗಳು ನಮ್ಮ ದೇಶಕ್ಕೆ ಬಂದವಲ್ಲ, ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್, ಅವುಗಳೆಲ್ಲದರ ಇಂಜಿನ್ನೂ ಒಂದೊಂದು ಋತು ಭಾವನ ಮನಸ್ಸನ್ನು ಆಳಿದವು. ನಮ್ಮ ಮನೆತನದ ಹಬ್ಬಗಳು ಆ ಲೆಕ್ಕದಲ್ಲೇ ನೆನಪಿರುವುದು. ಟೊಯೋಟಾ ಗೌರಿಹಬ್ಬದಲ್ಲಿ ಒಬ್ಬಟ್ಟು ತಟ್ಟುತ್ತಿದ್ದವರ ನಡುವೆ ಟಾರ್ಕ್ ಎಂದರೇನು ಎಂಬ ಉಪನ್ಯಾಸವಾಯಿತು. ಮಜ್ದಾ ದೀಪಾವಳಿಯಲ್ಲಿ ಭಾವ ಎಣ್ಣೆಸ್ನಾನಕ್ಕೇ ಬರಲಿಲ್ಲ. ಬೇರೆ ಎಣ್ಣೆಯಲ್ಲಿ ಮಿಂದಿದ್ದರು. ಅಮೆರಿಕದಲ್ಲಿ ಇದೇ ಮಾದರಿಯ ಹಳೇ ಗಾಡಿಗಳಿಗೆ ವಿ-8 ಕೂರಿಸುವುದು ಮಾಮೂಲು ಎಂದು ಡೆಟ್ರಾಯ್ಟಿನಲ್ಲಿರುವ ಅವರ ಮಗ ಒಂದು ಸಲ ಫೋನಿನಲ್ಲಿ ಬಾಯಿತಪ್ಪಿ ಹೇಳಿದ. ಅತ್ತಿಗೆ ಅವನ ಜೊತೆ ಕೆಲವು ದಿನ ಮಾತು ಬಿಟ್ಟರು.

ಕಡೆಗೆ ನಿಶ್ಚಯವಾದದ್ದು ಟಾಟಾ 407ರ ಇಂಜಿನ್. ನಾಲ್ಕು ಸಿಲಿಂಡರು, ಸುಮಾರು ಮೂರು ಲೀಟರು, ಯಾವ ಊರಿನಲ್ಲೂ ಸಿಗುವ ಸಾಮಾನು, ಯಾವ ಮೇಸ್ತ್ರಿಯೂ ಕಣ್ಣುಮುಚ್ಚಿ ಬಿಚ್ಚುವಂಥದ್ದು. ಬುದ್ಧಿವಂತಿಕೆಯ ಆಯ್ಕೆ ಎಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಗೇರ್ ಬಾಕ್ಸು ಮಾತ್ರ ಶೆವರ್ಲೆಯದೇ ಇರಬೇಕು, ಆ ಉದ್ದನೆಯ ಗೇರ್ ರಾಡನ್ನು ಅಪ್ಪ ಹಿಡಿಯುತ್ತಿದ್ದದ್ದು ಎಂದುಬಿಟ್ಟರು. ಅಲ್ಲಿಗೆ ಬೆಲ್ ಹೌಸಿಂಗ್ ನಮ್ಮ ಬದುಕನ್ನು ಪ್ರವೇಶಿಸಿತು.

ತಿಳಿಯದವರಿಗೆ ಹೇಳುತ್ತೇನೆ, ನನಗೂ ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಫ್ಲೈವೀಲು, ಕ್ಲಚ್ಚು ಮುಚ್ಚಿಕೊಂಡು ಕೂರುವ ಎರಕದ ಹೊದಿಕೆಯೇ ಬೆಲ್ ಹೌಸಿಂಗ್. ಇಂಜಿನ್ ಒಂದು ಕಂಪನಿಯದು, ಗೇರ್ ಬಾಕ್ಸ್ ಇನ್ನೊಂದರದು ಆದಾಗ ಇದರ ಬೋಲ್ಟಿನ ತೂತುಗಳು ಅದಕ್ಕೆ ತಾಳೆಯಾಗುವುದಿಲ್ಲ. ಎರಡಕ್ಕೂ ನಡುವೆ ದಪ್ಪನೆಯ ಒಂದು ಉಕ್ಕಿನ ಪ್ಲೇಟು ಮಾಡಿಸಬೇಕು. ಒಂದು ಸುತ್ತು ತೂತು ಇವರ ಕಡೆಗೆ, ಇನ್ನೊಂದು ಸುತ್ತು ಅವರ ಕಡೆಗೆ. ಬೀಗರಿಬ್ಬರ ನಡುವೆ ಓಡಾಡುವ ಪುರೋಹಿತರ ಕೆಲಸ ಅದರದು. ಕ್ರ್ಯಾಂಕಿನ ಕೇಂದ್ರಕ್ಕೂ ಗೇರ್ ಬಾಕ್ಸಿನ ಶಾಫ್ಟಿನ ಕೇಂದ್ರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬೇರಿಂಗು ಅಳುತ್ತದೆ, ಕ್ಲಚ್ಚು ನಡುಗುತ್ತದೆ. ಕ್ಲಚ್ ಪ್ಲೇಟಿಗೂ ಕಸಿ ಮಾಡಬೇಕು: ಮೈ 407ರದು, ನಡುವಿನ ಹಲ್ಲು ಶೆವರ್ಲೆಯದು.

ಒಂದು ದಿನ ಬೆಂಗಳೂರಿಗೆ ಬಂದ ಭಾವ, ‘ಗೃಹಪ್ರವೇಶಕ್ಕೆ ಒಟ್ಟಿಗೇ ಹೋಗೋಣ ಕಣಯ್ಯ, ನಿನ್ ಕಾರಲ್ಲೇ’ ಎಂದರು. ರೇಷ್ಮೆ ಪಂಚೆ ಉಟ್ಟುಕೊಂಡು ಹೊರಟೆ. ‘ಇಲ್ಲೊಂಚೂರು ಎಡಕ್ಕೆ’ ಎನ್ನುತ್ತಾ ಎನ್ನುತ್ತಾ ಅವರು ನನ್ನನ್ನು ಇಳಿಸಿದ್ದು ಶಿವಾಜಿನಗರದ ಗುಜರಿಯಲ್ಲಿ. ಅಲ್ಲಿ ಬಿದ್ದ ಬೆಲ್ ಹೌಸಿಂಗುಗಳನ್ನು ಅವರು ಒಂದೊಂದಾಗಿ ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಸದ್ದು ಕೇಳಿ, ಬಿರುಕು ಹುಡುಕಿದರು. ಗುಜರಿಯವನು ನನ್ನ ಪಂಚೆಯ ಜರಿ ನೋಡಿಯೇ ರೇಟು ಹೇಳಿದ. ಗೃಹಪ್ರವೇಶದ ಮನೆಗೆ ನಾವು ಹೋದಾಗ ಊಟದ ಕೊನೇ ಪಂಕ್ತಿ ಎದ್ದಿತ್ತು. ನನ್ನ ಹೆಂಡತಿಯ ಸೀರೆಗೆ ಗೇರ್ ಆಯಿಲಿನ ಅಂಚು ಬಂದಿತ್ತು. ಡಿಕ್ಕಿಯಲ್ಲಿ ಆ ಕಬ್ಬಿಣವನ್ನು ತಿಪಟೂರಿಗೆ ಸಾಗಿಸಿದ್ದೂ ನಾನೇ. ಆವತ್ತಿನ ಓಡಾಟದ ನಂತರ ನನ್ನ ಕಾರಿನ ಹಿಂಭಾಗದಲ್ಲಿ ‘ಟಕ್ ಟಕ್’ ಎನ್ನುವ ಸದ್ದೊಂದು ಸೇರಿಕೊಂಡಿತು. ಸರ್ವೀಸಿಗೆ ಬಿಟ್ಟರೆ ಶಾಕ್ ಅಬ್ಸಾರ್ಬರ್ ಎರಡೂ ಬದಲಿಸಿ ಬಿಲ್ಲು ಕೊಟ್ಟರು. ಸದ್ದು ಬಿಲ್ಲಿಗೆ ಬಗ್ಗಲಿಲ್ಲ.

ಇದನ್ನೆಲ್ಲ ಮರೆತುಬಿಡಬಹುದಿತ್ತು, ಲಗ್ನಪತ್ರಿಕೆಯ ಪ್ರಸಂಗವೊಂದು ನಡೆಯದೆ ಹೋಗಿದ್ದರೆ.

ನನ್ನ ಸೋದರಳಿಯನ ಮದುವೆ. ತಿಪಟೂರು ಕಡೆಯ ಬಂಧುಗಳಿಗೆ ಹಂಚಲು ಪತ್ರಿಕೆಗಳ ಕಟ್ಟು ಹಿಡಿದುಕೊಂಡು ಮೊದಲು ಭಾವನ ಮನೆಗೆ ಹೋದೆ. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಗಿಟ್ಟೆ. ಭಾವ ಅದನ್ನು ಓದಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ, ‘ಒಳ್ಳೇ ಕಾರ್ಡು ಕಣಪ್ಪ. ಗಟ್ಟಿ ಇದೆ’ ಎಂದರು. ಬೀಗರ ಕಡೆಯ ಅದ್ಧೂರಿಯನ್ನು ಮೆಚ್ಚಿದರೆಂದು ನಾನು ಹಿಗ್ಗಿದೆ. ಊಟ ಮಾಡಿ ಜಗಲಿಯ ಮೇಲೆ ಅಡ್ಡಾದವನಿಗೆ ಶೆಡ್ಡಿನಿಂದ ಸಣ್ಣಗೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಗ್ಯಾರೇಜಿನವರು ಗ್ಯಾಸ್ಕೆಟ್ ಕೊಯ್ಯುವ ಹಳೇ ಉಪಾಯ ಅದು: ದಪ್ಪ ಕಾಗದವನ್ನು ಎರಕದ ಮೇಲೆ ಹರಡಿ ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟುತ್ತಾ ಹೋದರೆ, ಎರಕದ ಅಂಚೇ ಕಾಗದವನ್ನು ತನ್ನ ಆಕಾರಕ್ಕೆ ಕತ್ತರಿಸುತ್ತದೆ, ಬೋಲ್ಟಿನ ತೂತುಗಳೂ ಇದ್ದಲ್ಲೇ ಬೀಳುತ್ತವೆ. ಬೆಲ್ ಹೌಸಿಂಗಿನ ಬಾಯಿ ದೊಡ್ಡದು, ಒಂದು ಪತ್ರಿಕೆ ಸಾಲುವುದಿಲ್ಲ. ಭಾವ ಇಡೀ ಕಟ್ಟನ್ನು ಬಿಚ್ಚಿ, ಟೇಪು ಹಚ್ಚಿ, ಹೊಲಿಗೆಯವರ ಅಚ್ಚುಕಟ್ಟಿನಲ್ಲಿ ಒಂದು ದೊಡ್ಡ ಹಾಳೆ ಮಾಡಿಕೊಂಡಿದ್ದರು. ಗಣಪತಿಯ ಸೊಂಡಿಲ ಬಳಿ ಒಂದು ತೂತು. ವರನ ತಂದೆಯ ಇನಿಷಿಯಲ್ಲು ಹಾರಿಹೋಗಿತ್ತು. ಮುಹೂರ್ತದ ಸಾಲು ಎಲ್ಲ ಪತ್ರಿಕೆಗಳಲ್ಲೂ ಅಂಚಿಗೆ ಸಿಕ್ಕಿ ಮಾಯ.

‘ಭಾವ, ಇದು ಹಂಚೋಕೆ ತಂದಿದ್ದು!’

‘ಫೋನ್ ಮಾಡಿ ಹೇಳಿದರಾಯ್ತು ಬಿಡು. ಇಲ್ನೋಡು, ಕೂದಲು ಕದಲಿಲ್ಲ.’

ಆ ಹಾಳೆ ಪೀಣ್ಯದ ಒಂದು ಲೇತ್ ವರ್ಕ್‌ಶಾಪಿಗೆ ಹೋಯಿತು. ತಿಪಟೂರಿನ ನೆಂಟರು ‘ಪತ್ರಿಕೆಯೇ ಕೊಡಲಿಲ್ಲ’ ಎಂದು ಮುನಿಸಿಕೊಂಡು ಮದುವೆಗೆ ಬರಲಿಲ್ಲ, ಇವತ್ತಿಗೂ ಮಾತಿಲ್ಲ. ಬಂದವರು ಲೇತಿನವರು. ಕೆಲಸಕ್ಕೆ ಕೊಟ್ಟ ಕಾಗದದಲ್ಲಿ ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ಎಂದು ಅಷ್ಟು ಸಲ ಅಚ್ಚಾಗಿರುವುದನ್ನು ನೋಡಿ ಆ ಮನುಷ್ಯ ಸಕುಟುಂಬವಾಗಿ ಬಂದುಬಿಟ್ಟರು. ಮುಹೂರ್ತ ತೂತಿನಲ್ಲಿ ಹೋಗಿದ್ದರಿಂದ ಆರತಕ್ಷತೆಗೆ ಬಂದರು. ಬೆಳ್ಳಿಯ ಕುಂಕುಮದ ಬಟ್ಟಲು ಉಡುಗೊರೆ ಕೊಟ್ಟರು. ನಮ್ಮ ಕಡೆಯವರು ಯಾರೂ ಅಷ್ಟು ಕೊಡಲಿಲ್ಲವೆಂದು ನನ್ನ ತಂಗಿ ಈಗಲೂ ಹೇಳುತ್ತಾಳೆ. ವೇದಿಕೆ ಇಳಿದು ಬಂದು ನನ್ನ ಕಿವಿಯಲ್ಲಿ, ‘ಸಾರ್, ನಿಮ್ಮ ಭಾವನೋರ ಡ್ರಾಯಿಂಗು ಎರಡು ಎಂಎಂ ಔಟ್ ಇತ್ತು. ನಾನೇ ಸರಿಮಾಡಿದೀನಿ’ ಎಂದರು. ಟೇಪಿನ ದಪ್ಪವನ್ನು ಭಾವ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಿಕ್ಕ ವಿಚಾರ ಬೇಗ ಹೇಳಿಬಿಡುತ್ತೇನೆ. 407ರ ಎಣ್ಣೆ ಚೇಂಬರು ಮುಂದಿನ ಆಕ್ಸಲ್ಲಿಗೆ ತಾಗಿತು, ಕೊಯ್ದರು. ಇಂಜಿನ್ ಕೂರುವ ಫೌಂಡೇಶನ್ ಹೊಸದಾಗಿ ವೆಲ್ಡ್ ಮಾಡಿಸಿದರು. ಆರು ಸಿಲಿಂಡರಿದ್ದ ಜಾಗದಲ್ಲಿ ನಾಲ್ಕು ಸಿಲಿಂಡರಿನ ಗಿಡ್ಡ ಇಂಜಿನ್ ಕೂತದ್ದರಿಂದ ಫ್ಯಾನು ಹಿಂದೆಲ್ಲೋ, ರೇಡಿಯೇಟರು ಮುಂದೆಲ್ಲೋ ಉಳಿಯಿತು; ನಡುವೆ ಗಾಳಿ ಹಾಯಲು ಅತ್ತಿಗೆಯ ನೀರಿನ ಡ್ರಮ್ಮು ಕೊಯ್ದು ಕೊಳವೆ ಮಾಡಿದರು. ಕಾಗದಪತ್ರದ ಕತೆಯೇ ಬೇರೆ. ಇಂಜಿನ್ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಹೋಗಲಿ, ವಿಂಟೇಜ್ ಎಂದಾದರೂ ದಾಖಲಿಸೋಣವೆಂದರೆ 2021ರ ನಿಯಮದಲ್ಲಿ ಆ ಪಟ್ಟ ಇರುವುದು 50 ವರ್ಷ ದಾಟಿದ ದ್ವಿಚಕ್ರಕ್ಕೂ ಜನ ಕೂರುವ ನಾಲ್ಕು ಚಕ್ರದ ಗಾಡಿಗೂ ಮಾತ್ರ. ಶುಲ್ಕ 20,000 ರೂಪಾಯಿ. ಚಾಸಿಗೂ ಇಂಜಿನ್ನಿಗೂ ದೊಡ್ಡ ಬದಲಾವಣೆ ಆಗಿರಕೂಡದು. ಮಹಾರಾಜರನ್ನು ಹೊತ್ತದ್ದಕ್ಕೆ ಮರ್ಯಾದೆಯುಂಟು, ಕೊಬ್ಬರಿ ಹೊತ್ತದ್ದಕ್ಕಿಲ್ಲ. ಹೀಗಾಗಿ ಲಾರಿ ಸದ್ಯಕ್ಕೆ ತೋಟದ ಗೇಟು ದಾಟುವಂತಿಲ್ಲ. ಭಾವನಿಗೆ ಅದರ ಚಿಂತೆಯಿಲ್ಲ. ಎಲ್ಲಿಗಾದರೂ ಹೋಗಬೇಕೆಂಬ ಆಸೆ ಅವರಿಗಿದ್ದಂತೆ ನನಗೆ ಯಾವತ್ತೂ ಕಂಡಿಲ್ಲ.

ಹಾಗಿದ್ದರೆ ಯಾಕೆ ಇಷ್ಟೆಲ್ಲ ಎಂದು ಒಮ್ಮೆ ಅತ್ತಿಗೆಯನ್ನೇ ಕೇಳಿದ್ದೆ. ಹಳೇ 216 ಇಂಜಿನ್ ಆ ಮನೆಯ ಹಿಂದಿನ ಪಡಸಾಲೆಯಲ್ಲಿದೆ. ಗುಜರಿಯವರು ಎಷ್ಟು ಕೇಳಿದರೂ ಭಾವ ಕೊಟ್ಟಿಲ್ಲ. ಅತ್ತಿಗೆ ಅದರ ಮೇಲೆ ಸಂಡಿಗೆಯ ಮೊರ ಇಡುತ್ತಾರೆ. ‘ಮಾವನೋರು ಕೊಬ್ಬರಿ ಹೊರೆ ತರೋವಾಗ ಕಿಬ್ಬನಹಳ್ಳಿ ಕ್ರಾಸಲ್ಲಿ ಇದು ಹಿಡ್ಕೊಂಡುಬಿಡ್ತಂತೆ. ಎತ್ತು ಕಟ್ಟಿ ಎಳೆಸ್ಕೊಂಡು ಬಂದು ಶೆಡ್ಡಿಗೆ ಬಿಟ್ಟೋರು ಮತ್ತೆ ಆ ಕಡೆ ತಿರುಗಿ ನೋಡ್ಲಿಲ್ಲ. ಇವರು ಆಗ ಬೀದರಲ್ಲಿ ಟ್ರೈನಿಂಗಲ್ಲಿದ್ರು. ಲಾರಿ ಬಾಡಿಗೆಯಲ್ಲೇ ಇವರು ಓದಿದ್ದು’ ಎಂದರು. ಆಮೇಲೆ ಬೀದರಿನಿಂದ ಶಿರಸಿ, ಶಿರಸಿಯಿಂದ ಇನ್ನೆಲ್ಲಿಗೋ ವರ್ಗವಾಗುತ್ತ, ಕೈಗೆ ಮಸಿ ತಾಗದ ಕೆಲಸ ಮಾಡುತ್ತ, ತಂದೆ ಹೋದಾಗಲೂ ಆಡಿಟ್ ಎಂದು ತಡವಾಗಿ ಬಂದವರು. ತಂದೆಯ ಹತ್ತಿರ ಯಾವ ಮಾತು ಬಾಕಿಯಿತ್ತೋ, ಅದನ್ನು ಈಗ ಸ್ಪ್ಯಾನರಿನಲ್ಲಿ ಆಡುತ್ತಿದ್ದಾರೇನೋ ಎಂದು ನನಗೆ ಅನ್ನಿಸಿ ಸ್ವಲ್ಪ ಮೆತ್ತಗಾದೆ. ಅಷ್ಟರಲ್ಲಿ ಶೆಡ್ಡಿನಿಂದ ‘ಏಯ್, ಈ ಜ್ಯಾಕು ಒಂಚೂರು ಹಿಡ್ಕೋ ಬಾರಯ್ಯ’ ಎಂದು ಕೂಗಿದರು. ಹಿಡಿದುಕೊಂಡಿರು ಎಂದು ಹೇಳಿ, ಹದಿನೇಳರ ಸ್ಪ್ಯಾನರು ಹುಡುಕುತ್ತ ಹೋದವರು ಪೇಪರ್ ಓದುತ್ತ ಕೂತಿದ್ದರು. ಮೆತ್ತಗಾದದ್ದು ಗಟ್ಟಿಯಾಯಿತು.

ಮೊನ್ನೆ ಲಾರಿ ಹೊರಗೆ ಬರುವ ದಿನವಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು, ಅತ್ತಿಗೆಯ ಕೈಯಲ್ಲಿ ಆರತಿ. ಇಲ್ಲೊಂದು ತಾಂತ್ರಿಕ ವಿವರ ಹೇಳಬೇಕು. ಇಂಜಿನ್ನನ್ನೇ ಬದಲಿಸಿದ ಈ ಮಹಾನುಭಾವರು ಡೈನಮೋ ವಿಷಯದಲ್ಲಿ ಮಾತ್ರ ಮಡಿವಂತರಾಗಿದ್ದರು. ಶೆವರ್ಲೆಯ 6 ವೋಲ್ಟಿನ ಡೈನಮೋ, ಅದರ ಆಂಪಿಯರ್ ಮುಳ್ಳು ಆಡುವುದನ್ನು ನೋಡುತ್ತಲೇ ಅವರು ಬೆಳೆದದ್ದಂತೆ. ಆದ್ದರಿಂದ 407ರ ಆಲ್ಟರ್ನೇಟರನ್ನು ಎಂದೋ ಬಿಚ್ಚಿ ಎಲ್ಲೋ ಇಟ್ಟು, ಆ ಜಾಗದಲ್ಲಿ ಡೈನಮೋ ಕೂರಿಸಿದ್ದರು. ಸೆಲ್ಫ್ ಸ್ಟಾರ್ಟರಿಗೆ 12 ವೋಲ್ಟು ಬೇಕಲ್ಲ, ಅದಕ್ಕೆ ಮನೆಯ ಇನ್ವರ್ಟರಿನ ಬ್ಯಾಟರಿ.

ಸೆಲ್ಫು ಒತ್ತಿದರು. ಒಳಗಿನಿಂದ ನಮ್ಮ ಅತ್ತೆ ‘ಕರೆಂಟ್ ಹೋಯ್ತು, ಇನ್ವರ್ಟರ್ ಯಾಕೋ ಬರ‍್ತಿಲ್ಲ’ ಎಂದು ಕೂಗಿಕೊಂಡರು. ಇಂಜಿನ್ ಹಿಡಿಯಿತು. ಹೊಗೆ ಮಾಡಿನ ತನಕ ಹೋಯಿತು. ಲಾರಿ ಶೆಡ್ಡಿನಿಂದ ಗಂಭೀರವಾಗಿ ಹೊರಬಂತು, ಅಂಗಳ ದಾಟಿತು, ಕಣದ ಕಡೆಗೆ ತಿರುಗಿತು. ನಾವು ಚಪ್ಪಾಳೆ ತಟ್ಟಿದೆವು. ಭಾವ ಒಳಗಿನಿಂದ ಕೈಬೀಸಿದರು. ಆಮೇಲೆ ಬೀಸುತ್ತಿರುವುದು ಒಂದೇ ಕೈ ಅಲ್ಲ, ಎರಡೂ ಎಂದು ಗೊತ್ತಾಯಿತು. ಲಾರಿ ನೇರ ಹೋಗಿ ರಾಗಿಹುಲ್ಲಿನ ಬಣವೆಗೆ ನುಗ್ಗಿ ನಿಂತಿತು.

ಬಾಗಿಲು ತೆಗೆದುಕೊಂಡು ತಲೆತುಂಬ ಹುಲ್ಲಿನೊಡನೆ ಇಳಿದ ಭಾವ ಮೊದಲು ಆಡಿದ ಮಾತು: ‘ಎಳೆತ ನೋಡಿದ್ಯೇನಯ್ಯಾ!’

ಬ್ರೇಕಿನ ಪೆಡಲು ಕಲ್ಲಾಗಿತ್ತು. ಮೇಸ್ತ್ರಿ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. ಪೆಟ್ರೋಲ್ ಇಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವೇ ಬ್ರೇಕಿಗೆ ಬಲ ಕೊಡುತ್ತದೆ. ಡೀಸೆಲ್ಲಿನಲ್ಲಿ ಅದು ಹುಟ್ಟುವುದಿಲ್ಲ, ಬೇರೆ ವ್ಯಾಕ್ಯೂಮ್ ಪಂಪು ಬೇಕು. 407ರಲ್ಲಿ ಆ ಪಂಪು ಇರುವುದು ಆಲ್ಟರ್ನೇಟರಿನ ಬೆನ್ನಿಗೆ.

‘ಸಾರ್, ಆ ಆಲ್ಟರ್ನೇಟರ್ ಎಲ್ಲಿಟ್ರಿ?’

ಭಾವ ಕಿವಿಯೊಳಗಿನ ಹುಲ್ಲುಕಡ್ಡಿ ತೆಗೆಯುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ, ‘ನಿನ್ ಕಾರಿನ ಸ್ಟೆಪ್ನಿ ಕೆಳಗೆ ಗೋಣಿಚೀಲದಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದೆ ಕಣಯ್ಯ, ಅವತ್ತು ಗೃಹಪ್ರವೇಶದ ದಿನ. ಡಿಕ್ಕಿ ತೆಗಿ’ ಎಂದರು.